ಹೊಗಳಲು ಬಾರದ ಮನೆ

ನಮ್ಮ ಮನೆಯಲ್ಲಿ ಯಾರನ್ನೂ ಎದುರಿಗೆ ಹೊಗಳುವ ರೂಢಿಯಿಲ್ಲ. ಅಡುಗೆ ಚೆನ್ನಾಗಿದ್ದರೆ ಇನ್ನೊಂದು ಸಲ ಬಡಿಸಿಕೊಳ್ಳುತ್ತೇವೆ, ಅಲ್ಲಿಗೆ ಮುಗಿಯಿತು. ಕೆಟ್ಟಿದ್ದರೆ ಮಾತ್ರ ಬಾಯಿ ಬಿಡುತ್ತೇವೆ. ಚಿಕ್ಕವಳಿದ್ದಾಗ ನಾನು ತರಗತಿಗೇ ಮೊದಲು ಬಂದು ಅಂಕಪಟ್ಟಿ ಹಿಡಿದು ಓಡಿಬಂದರೆ ಅಮ್ಮ ಅದನ್ನು ಮೇಲಿಂದ ಕೆಳಗೆ ನೋಡಿ, "ಚಿತ್ರಕಲೇಲಿ ಯಾಕೆ ಕಡಿಮೆ?" ಎಂದಿದ್ದಳು. ಅತ್ತಿಗೆ ಮದುವೆಯಾಗಿ ಬಂದ ಹೊಸತರಲ್ಲಿ, ಪಾಪ, ಊಟ ಮಾಡಿ ಎದ್ದವರ ಹಿಂದೆ ಹಿಂದೆ ಹೋಗಿ "ಹೇಗಿತ್ತು?" ಎಂದು ಕೇಳುತ್ತಿದ್ದಳು. ಆಮೇಲೆ ಕೇಳುವುದನ್ನು ಬಿಟ್ಟಳು. ಇಂಥ ಮನೆಯವರೆಲ್ಲ ಸೇರಿ ಅವಳ ಮೇಲೆ ಒಂದು ಪುಟ ಒಳ್ಳೆಯ ಮಾತು ಬರೆಯಬೇಕಾಗಿ ಬಂತು ನೋಡಿ, ಆಗ ನಮ್ಮ ಬಂಡವಾಳವೆಲ್ಲ ಹೊರಗೆ ಬಿತ್ತು.

ಮನೆಯಲ್ಲಿರುವವರು ಐದು ಜನ. ಅಮ್ಮ ದೊಡ್ಡಾಸ್ಪತ್ರೆಯ ಗಂಡಸರ ವಾರ್ಡಿನಲ್ಲಿ ಹೆಡ್ ನರ್ಸ್ ಆಗಿದ್ದು ನಿವೃತ್ತಿಯಾದವಳು. ಬೀದಿಯವರಿಗೆ ಈಗಲೂ ಹೆಡ್ ಸಿಸ್ಟರ್. ಮೊಣಕಾಲು ಕೈಕೊಟ್ಟಿದೆ, ಗಂಟಲು ಕೊಟ್ಟಿಲ್ಲ. ಅಣ್ಣ ವಿಮಾ ಕಚೇರಿಯ ಪತ್ರವ್ಯವಹಾರ ವಿಭಾಗದಲ್ಲಿದ್ದಾನೆ. ನಮ್ಮ ಮನೆಯಿಂದ ಹೊರಗೆ ಹೋಗುವ ಒಂದು ಸಾಲು ಬರಹವೂ ಅವನ ಕೈ ದಾಟದೆ ಹೋಗುವಂತಿಲ್ಲ. ಶಾಲೆಗೆ ರಜೆ ಚೀಟಿಯಿಂದ ಹಿಡಿದು ಪಕ್ಕದ ಮನೆಯವರ ಚರಂಡಿ ದೂರಿನ ತನಕ ಎಲ್ಲ ಅವನದೇ ಭಾಷೆ. ಅವನ ಮಗಳು ಎರಡನೇ ತರಗತಿ, ಕೂತಲ್ಲಿ ಕೂರದ್ದಕ್ಕೆ ಗುಬ್ಬಿ ಎಂದೇ ಹೆಸರು. ನಾನು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ, ಅದಕ್ಕೇ ಮನೆಯಲ್ಲಿ ನನ್ನನ್ನು ಕನ್ನಡಕ ಎಂದು ಕರೆಯುತ್ತಾರೆ. ಮದುವೆಯಾಗಿಲ್ಲ. ಅದು ಬೇರೆ ಕಥೆ, ಇಲ್ಲಿಗೆ ಬೇಡ. ಇನ್ನು ಅತ್ತಿಗೆ. ನನಗಿಂತ ಚಿಕ್ಕವಳಾದ್ದರಿಂದ ಏಕವಚನದಲ್ಲೇ ಮಾತಾಡಿಸುತ್ತೇನೆ. ಸಂಖ್ಯಾಶಾಸ್ತ್ರ ಓದಿಕೊಂಡವಳು, ನೀರು ಸರಬರಾಜು ಕಚೇರಿಯಲ್ಲಿ ದೂರು ವಿಭಾಗ ನೋಡಿಕೊಳ್ಳುತ್ತಾಳೆ. ಅಲ್ಲಿ ಅವಳು ನಿಜವಾಗಿ ಏನು ಮಾಡುತ್ತಾಳೆ ಎಂದು ನಾವ್ಯಾರೂ ಕೇಳಿರಲಿಲ್ಲ. ಬರುವಾಗ ತರಕಾರಿ ತರುತ್ತಾಳೆ ಎಂಬುದು ಗೊತ್ತಿತ್ತು.

ಒಂದು ಸಂಜೆ ಊಟದ ಮಧ್ಯೆ ಅತ್ತಿಗೆ ಸೌಟು ಕೆಳಗಿಟ್ಟು ವಿಷಯ ತೆಗೆದಳು. ಒಂದು ವಿಶ್ವವಿದ್ಯಾಲಯದವರು ಕೆಲಸದಲ್ಲಿರುವವರಿಗೆಂದೇ ಒಂದು ವರ್ಷದ ಅತಿಥಿ ವಿದ್ಯಾರ್ಥಿ ಕೋರ್ಸು ಮಾಡಿದ್ದಾರಂತೆ, ಡೇಟಾ ಸೈನ್ಸಿನಲ್ಲಿ. ಅರ್ಜಿ ಹಾಕೋಣ ಅಂತಿದೀನಿ ಎಂದಳು.

"ಒಂದು ವರ್ಷ ಅಂದ್ರೆ?" ಅಣ್ಣ ತುತ್ತು ಕೈಯಲ್ಲೇ ಹಿಡಿದು ಕೇಳಿದ.

"ಎರಡು ಸೆಮಿಸ್ಟರ್. ಮಧ್ಯೆ ರಜ ಕೊಡ್ತಾರೆ, ಬಂದು ಹೋಗ್ಬಹುದು. ರೈಲಲ್ಲಿ ಒಂದು ರಾತ್ರಿ ದಾರಿ."

"ಡಿಗ್ರಿ ಕೊಡ್ತಾರಾ?"

"ಡಿಗ್ರಿ ಇಲ್ಲ, ಸರ್ಟಿಫಿಕೇಟ್. ಅಲ್ಲಿನ ವಿದ್ಯಾರ್ಥಿಗಳ ಜೊತೆ ಕೂತು ಪಾಠ ಕೇಳೋದು. ನಮ್ಮ ಆಫೀಸಿಂದೇ ಒಂದು ಸಮಸ್ಯೆ ತಗೊಂಡು ಹೋಗಿ ಅಲ್ಲಿನ ಪ್ರೊಫೆಸರ್ ಜೊತೆ ಕೆಲಸ ಮಾಡೋದು. ಹಾಸ್ಟೆಲ್ಲು, ಊಟ ಅವರದ್ದೇ. ಆಫೀಸಲ್ಲಿ ಅರ್ಧ ಸಂಬಳದ ರಜ ಸಿಗುತ್ತೆ."

"ಅಮ್ಮ, ಡೇಟಾ ಸೈನ್ಸ್ ಅಂದ್ರೇನು?" ಎಂದಳು ಗುಬ್ಬಿ.

"ಮಾಡಿದ ಲೆಕ್ಕಾನೇ ಇನ್ನೊಂದ್ಸಲ ಮಾಡೋದು," ಎಂದ ಅಣ್ಣ.

"ಹಿಂದೆ ಆಗಿದ್ದನ್ನೆಲ್ಲ ಕೂಡಿಸಿ ನೋಡಿ, ಮುಂದೆ ಏನಾಗಬಹುದು ಅಂತ ಅಂದಾಜು ಮಾಡೋದು ಪುಟ್ಟಾ," ಎಂದಳು ಅತ್ತಿಗೆ.

ಅಮ್ಮ ತಟ್ಟೆ ಪಕ್ಕಕ್ಕೆ ತಳ್ಳಿದಳು. "ಹಾಗಾದ್ರೆ ಮುಂದೆ ಈ ಮನೇಲಿ ಏನಾಗುತ್ತೆ ಅಂತ ಅಂದಾಜು ಮಾಡಿದೀಯಾ? ಬೆಳಿಗ್ಗೆ ಎದ್ದು ಒಲೆ ಹಚ್ಚೋರು ಯಾರು? ಇವಳಿಗೆ ಜಡೆ ಹಾಕೋರು ಯಾರು? ನನ್ನ ಕಾಲಂತೂ ನನ್ನ ಮಾತೇ ಕೇಳಲ್ಲ. ಬೇಡ. ಈಗ್ಲೇ ಹೇಳ್ಬಿಡ್ತೀನಿ, ನಂಗೆ ಇಷ್ಟ ಇಲ್ಲ."

"ನಾನಿದೀನಲ್ಲ," ಎಂದೆ.

"ನೀನು ಮಾಡಿದ ಅನ್ನ ಕತ್ತರಿಸಿ ತಿನ್ಬೇಕು."

"ಅರ್ಜಿ ಹಾಕ್ತೀನಿ ಅಷ್ಟೇ ಅತ್ತೆ," ಎಂದಳು ಅತ್ತಿಗೆ. "ಸಿಗುತ್ತೆ ಅಂತೇನಿಲ್ಲ. ತುಂಬ ಜನ ಹಾಕ್ತಾರೆ."

ಆ ಒಂದು ಮಾತಿನ ಮೇಲೆ ವಿಷಯ ಪಾಸಾಯಿತು. ಸಿಗುವುದಿಲ್ಲ ಎಂದು ಅಣ್ಣನಿಗೂ ಅಮ್ಮನಿಗೂ ಒಳಗೊಳಗೇ ಧೈರ್ಯವಿತ್ತು ಎನ್ನಿ.

ಮುಂದಿನ ವಾರಗಳಲ್ಲಿ ನಮ್ಮ ಊಟದ ಮೇಜು ಊಟಕ್ಕೆ ಸಿಗಲಿಲ್ಲ. ಅದರ ತುಂಬ ಅತ್ತಿಗೆಯ ಕಾಗದ. ಅಂಕಪಟ್ಟಿಗಳನ್ನು ಅವಳಪ್ಪ ಜೋಪಾನವಾಗಿರಲಿ ಎಂದು ಪ್ಲಾಸ್ಟಿಕ್ಕಿನಲ್ಲಿ ಅಂಟಿಸಿ ಬಿಟ್ಟಿದ್ದರು. ಫೋಟೋ ತೆಗೆದರೆ ದೀಪವೇ ಬರುತ್ತಿತ್ತು, ಅಂಕ ಬರುತ್ತಿರಲಿಲ್ಲ. ನಾನು ಅವನ್ನು ಅಂಗಡಿಗೆ ತೆಗೆದುಕೊಂಡು ಹೋಗಿ, ಗಾಜಿನ ಮೇಲೆ ಬೆಳಕು ಹೊಳೆಯದ ಹಾಗೆ ಫೋಟೋ ತೆಗೆಯುವುದು ನಮಗೆ ದಿನದ ಕೆಲಸವಾದ್ದರಿಂದ, ತೆಗೆದು ತಂದುಕೊಟ್ಟೆ. ಅತ್ತಿಗೆಯ ಭಾವಚಿತ್ರ ನೋಡಿ ಅಮ್ಮ, "ಇಷ್ಟು ನಗು ಯಾಕೆ? ಓದೋಕೆ ಹೋಗೋಳೋ, ನೆಂಟರ ಮನೆಗೆ ಹೋಗೋಳೋ?" ಎಂದಳು. ತಟ್ಟೆ ತೊಡೆಯ ಮೇಲೆ ಇಟ್ಟುಕೊಂಡು ಉಣ್ಣುವಾಗೆಲ್ಲ, "ವಾರ್ಡಲ್ಲಿ ರೋಗಿಗಳಿಗೂ ಒಂದು ಸ್ಟೂಲ್ ಕೊಡ್ತಿದ್ವಿ," ಎಂದು ಎಲ್ಲರಿಗೂ ಕೇಳುವ ಹಾಗೆ ಗೊಣಗುತ್ತಿದ್ದಳು.

ಉದ್ದೇಶಪತ್ರ ಅಂತ ಒಂದು ಬರೆಯಬೇಕಿತ್ತು: ನೀವು ಯಾರು, ಯಾಕೆ ಬರಬೇಕು ಅಂತಿದೀರಿ, ಬಂದು ಏನು ಮಾಡುತ್ತೀರಿ. ಅತ್ತಿಗೆ ಬರೆದದ್ದು ಹೀಗೆ ಶುರುವಾಗಿತ್ತು: "ನಲ್ಲಿಯಲ್ಲಿ ನೀರು ಬರದ ದಿನ ಊರಿನವರು ಮೊದಲು ಬೈಯುವುದು ನನ್ನನ್ನು, ಏಕೆಂದರೆ ದೂರಿನ ಫೋನು ಇರುವುದು ನನ್ನ ಮೇಜಿನ ಮೇಲೆ."

ಅಣ್ಣ ಕೆಂಪು ಪೆನ್ನು ತೆಗೆದುಕೊಂಡು ಆ ಸಾಲನ್ನು ಅಡ್ಡ ಹೊಡೆದ. "ಬೈಯುವುದು ಅಂತ ಯಾರಾದ್ರೂ ವಿಶ್ವವಿದ್ಯಾಲಯಕ್ಕೆ ಬರೀತಾರಾ? 'ತಮ್ಮ ಘನ ಸಂಸ್ಥೆಯ ಕೀರ್ತಿಯನ್ನು ಕೇಳಿ ಆಕರ್ಷಿತಳಾಗಿ' ಅಂತ ಶುರು ಮಾಡು."

"ಕೀರ್ತಿ ಕೇಳಿಲ್ಲವಲ್ಲ ರೀ. ವೆಬ್‌ಸೈಟಲ್ಲಿ ನೋಡಿದ್ದು."

"ಅದನ್ನೆಲ್ಲ ಹೇಳೋಕೆ ಹೋಗ್ಬಾರ್ದು."

ಅವಳು ತಲೆಯಾಡಿಸಿದಳು. ಆಮೇಲೆ ಅವನು ಸ್ನಾನಕ್ಕೆ ಹೋದಾಗ ತನ್ನ ಸಾಲನ್ನೇ ಮತ್ತೆ ಹಾಕಿ ಕಳಿಸುವ ಪ್ರತಿಯಲ್ಲಿ ಉಳಿಸಿಕೊಂಡಳು. ನಾನು ನೋಡಿಯೂ ನೋಡದವಳ ಹಾಗೆ ಬೇಳೆ ಆರಿಸುತ್ತಾ ಕೂತಿದ್ದೆ. ಅತ್ತಿಗೆಗೂ ಮೊಂಡುತನ ಇದೆ ಎಂದು ಆವತ್ತು ಗೊತ್ತಾಗಿ ನನಗೆ ಖುಷಿಯಾಯಿತು.

ಇನ್ನು ಉಳಿದದ್ದು ಎರಡು ಶಿಫಾರಸು ಪತ್ರ. ಸಂಜೆ ಕಂಪ್ಯೂಟರ್ ಕ್ಲಾಸಿನ ಮೇಷ್ಟ್ರು ತಾವೇ ಬರೆದು ನೇರ ಕಳಿಸಿಬಿಟ್ಟರು, ಅವರಿಗೆ ಒಳ್ಳೆಯದಾಗಲಿ. ಎರಡನೆಯದು ಕಚೇರಿಯ ಮುಖ್ಯಸ್ಥರಿಂದ ಬರಬೇಕು. ಇವಳ ಕೆಲಸ ಕಣ್ಣಾರೆ ಕಂಡವರು ಅವರೊಬ್ಬರೇ ಆದ್ದರಿಂದ ಅದೇ ಮುಖ್ಯ, ಆಯ್ಕೆ ಮಾಡುವವರು ಮೊದಲು ಓದುವುದೇ ಅದನ್ನು ಎಂದು ಮೇಷ್ಟ್ರು ಹೇಳಿದ್ದರಂತೆ. ಮುಖ್ಯಸ್ಥರು ಎಂಜಿನಿಯರ್ ಸಾಹೇಬರು. ಒಳ್ಳೆಯ ಮನುಷ್ಯ, ಆದರೆ ಪೈಪು ಒಡೆದರೆ ಓಡಿಹೋಗುವಷ್ಟು ಚುರುಕಾಗಿ ಪೆನ್ನು ಹಿಡಿಯುವವರಲ್ಲ.

"ನೀವೇ ಬರ್ಕೊಂಡು ಬನ್ನಿಮ್ಮಾ, ಸೈನ್ ಹಾಕ್ತೀನಿ," ಎಂದರಂತೆ.

ಅತ್ತಿಗೆ ಬರೆಯಲು ಕೂತಳು. "ಇವರು," ಎಂದು ಬರೆದು ನಿಲ್ಲಿಸಿದಳು. ಮರುದಿನವೂ ಕೂತಳು. ಒಲೆಯ ಮೇಲೆ ಹಾಲು ಉಕ್ಕಿತು, ಹಾಳೆಯ ಮೇಲೆ ಏನೂ ಉಕ್ಕಲಿಲ್ಲ. ಕೊನೆಗೆ ಅಣ್ಣನ ಹತ್ತಿರ ಹೋಗಿ, "ನನ್ನ ಬಗ್ಗೆ ನಾನೇ ಹೇಗೆ ಬರ್ಕೊಳ್ಳೋದು ರೀ? ನೀವೇ ಬರ್ಕೊಡಿ," ಎಂದು ಹಾಳೆ ಕೊಟ್ಟಳು.

ಭಾನುವಾರ ಬೆಳಿಗ್ಗೆ ಅವನು ಗಡ್ಡ ಹೆರೆದುಕೊಂಡು, ತಿಂಡಿ ತಿಂದು, ಕೂತ ಕಡೆಯಲ್ಲೇ ಬರೆದು ಮುಗಿಸಿದ. ಅತ್ತಿಗೆ ಓದಿದಳು. "ಚೆನ್ನಾಗಿದೆ," ಎಂದಳು. ಸೋಮವಾರ ಎಂಜಿನಿಯರ್ ಸಾಹೇಬರು ಫೋನಿನಲ್ಲಿ ಮಾತಾಡುತ್ತಲೇ ಅದರ ಕೆಳಗೆ ಸಹಿ ಹಾಕಿ ಠಸ್ಸೆ ಒತ್ತಿದರು.

ಅವತ್ತು ಸಂಜೆ ಊಟವಾದ ಮೇಲೆ ಅತ್ತಿಗೆ ಆ ಪತ್ರವನ್ನು ಉಳಿದ ಕಾಗದಗಳ ಜೊತೆ ಸೇರಿಸುತ್ತಿದ್ದಳು. ಅಮ್ಮ ಕನ್ನಡಕವನ್ನು ಸೆರಗಿನಲ್ಲಿ ಒರೆಸಿಕೊಂಡು, "ಎಲ್ಲಿ, ಕೊಡು ಇಲ್ಲಿ," ಎಂದು ಕೈಚಾಚಿದಳು. ಓದುವಾಗ ಅವಳಿಗೆ ಜೋರಾಗಿ ಓದುವ ಅಭ್ಯಾಸ.

"ಇವರು ನಮ್ಮ ಕಚೇರಿಯಲ್ಲಿ ಹಲವು ವರ್ಷಗಳಿಂದ ಕೆಲಸ ಮಾಡುತ್ತಿದ್ದು, ಸಮಯಕ್ಕೆ ಸರಿಯಾಗಿ ಬರುತ್ತಾರೆ. ವಿಧೇಯರು. ಸಹೋದ್ಯೋಗಿಗಳೊಂದಿಗೆ ಹೊಂದಿಕೊಂಡು ಹೋಗುತ್ತಾರೆ. ವಹಿಸಿದ ಕೆಲಸವನ್ನು ಮಾಡುತ್ತಾರೆ. ಇವರ ಮೇಲೆ ಯಾವುದೇ ದೂರು ಇರುವುದಿಲ್ಲ. ಇವರಿಗೆ ಶುಭವಾಗಲಿ."

ಪತ್ರವನ್ನು ಮೇಜಿನ ಮೇಲಿಟ್ಟು ಅಮ್ಮ, "ಈ ಹೆಂಗಸನ್ನ ನಾನಾಗಿದ್ರೆ ಕೆಲಸಕ್ಕೆ ತಗೊಳ್ತಿರ್ಲಿಲ್ಲ," ಎಂದಳು.

ಅತ್ತಿಗೆಯ ಮುಖ ಸಣ್ಣದಾಯಿತು. ನನಗೆ ಮೈ ಉರಿಯಿತು. "ಅಮ್ಮ, ಸಾಕು ಮಾಡು," ಎಂದೆ.

"ಇವಳನ್ನಲ್ಲ. ಈ ಹಾಳೇಲಿರೋಳನ್ನ." ಅಮ್ಮ ಅಣ್ಣನ ಕಡೆ ತಿರುಗಿದಳು. "ಇದನ್ನ ಬರೆದೋನು ನೀನಾ?"

"ಹೌದು. ಇದರಲ್ಲಿ ಸುಳ್ಳೇನಿದೆ?"

"ಸುಳ್ಳಿಲ್ಲ ಅನ್ನೋದೇ ತೊಂದರೆ. ವಾರ್ಡಿಗೆ ನರ್ಸ್ ಬೇಕಾದಾಗ ಇಂಥ ಪತ್ರ ರಾಶಿ ಓದಿದೀನಿ. ಸಮಯಕ್ಕೆ ಬರ್ತಾಳೆ, ವಿಧೇಯಳು, ದೂರಿಲ್ಲ. ಅದರರ್ಥ, ಹೇಳ್ಕೊಳ್ಳೋಕೆ ಬೇರೇನೂ ಇಲ್ಲ ಅಂತ. ಓದಿ ಪಕ್ಕಕ್ಕಿಡ್ತಿದ್ವಿ. ಆಮೇಲೆ ಅದರ ಮೇಲೆ ಚಹಾ ಲೋಟ ಇಡ್ತಿದ್ವಿ."

"ಕಚೇರಿ ಪತ್ರ ಅಂದ್ರೆ ಹಾಗೇನೇ ಇರೋದು ಅಮ್ಮ. ನಿಂಗೆ ಗೊತ್ತಾಗಲ್ಲ."

"ನಿಮ್ಮ ಮ್ಯಾನೇಜರಿಗೆ ಬಡ್ತಿಗೆ ಅಂತ ಬರ್ಕೊಟ್ಟಿದ್ಯಲ್ಲ ಹೋದ ವರ್ಷ? ನಮಗೆಲ್ಲ ಓದಿ ಹೇಳ್ದೆ. ಅದರಲ್ಲಿ ಆ ಮನುಷ್ಯ ಸೂರ್ಯನ್ನ ಒಂದು ಕೈಲಿ, ಚಂದ್ರನ್ನ ಒಂದು ಕೈಲಿ ಹಿಡ್ಕೊಂಡು ನಿಂತಿದ್ದ. ಆವಾಗ ಎಲ್ಲಿಂದ ಬಂತು ಭಾಷೆ?"

ಅಣ್ಣ ಮೇಜಿನ ಮೇಲೆ ಬಿದ್ದಿದ್ದ ಅನ್ನದ ಅಗುಳನ್ನು ಉಗುರಿನಲ್ಲಿ ಎತ್ತುತ್ತಿದ್ದ.

"ತಿಳೀದೆ ಬರೆದ್ಯಾ, ತಿಳಿದೂ ತಿಳಿದೂ ಬರೆದ್ಯಾ?"

"ತಿಳಿದೇ ಬರೆದೆ," ಎಂದ ಅವನು ಕೊನೆಗೆ. "ಕೆಟ್ಟದ್ದು ಒಂದು ಮಾತೂ ಬರೀಲಿಲ್ಲ. ಒಳ್ಳೇದನ್ನ ಬರೀಲಿಲ್ಲ, ಅಷ್ಟೇ. ಇವಳು ಹೊರಟುಬಿಟ್ರೆ ನಂಗೆ ಭಯ ಅಮ್ಮ. ಗುಬ್ಬಿಗೆ ಜ್ವರ ಬಂದ್ರೆ ಯಾವ ಬಾಟ್ಲಿ, ಎಷ್ಟು ಚಮಚ ಅಂತಾನೂ ನಂಗೊತ್ತಿಲ್ಲ."

"ಗೊತ್ತು ಮಾಡ್ಕೋ. ಬಾಟ್ಲಿ ಮೇಲೇ ಬರೆದಿರುತ್ತೆ." ಅಮ್ಮನ ದನಿ ಏರಿತು. "ಹೋಗ್ಬೇಡ ಅನ್ನೋದಿದ್ರೆ ಬಾಯಿಬಿಟ್ಟು ಹೇಳ್ಬೇಕು. ನಾನು ಹೇಳ್ಲಿಲ್ವಾ? ಮೊದಲ್ನೇ ದಿನವೇ ಹೇಳ್ದೆ. ಈಗ್ಲೂ ಹೇಳ್ತೀನಿ, ನಂಗೆ ಇಷ್ಟ ಇಲ್ಲ. ಆದ್ರೆ ಮುಂದೆ ನಿಂತು ಜಗಳ ಆಡೋದು ಬಿಟ್ಟು ಹಿಂದಿನಿಂದ ಕಾಲೆಳೆಯೋದು ಈ ಮನೇಲಿ ಯಾವಾಗಿಂದ ಶುರುವಾಯ್ತು?"

ಆಗಲೇ ನಾವೆಲ್ಲ ಅತ್ತಿಗೆಯ ಕಡೆ ನೋಡಿದ್ದು. ಅವಳು ಕಾಗದಗಳನ್ನು ತಟ್ಟಿ ತಟ್ಟಿ ಒಂದೇ ಸಮ ಮಾಡುತ್ತಿದ್ದಳು.

"ನೀನೂ ಓದಿದ್ಯಲ್ಲ," ಎಂದೆ ನಾನು. "ನಿಂಗೆ ಏನೂ ಅನ್ನಿಸ್ಲಿಲ್ವಾ?"

"ಅನ್ನಿಸ್ತು. ಸಪ್ಪೆ ಅನ್ನಿಸ್ತು." ಅವಳು ತಲೆಯೆತ್ತಲಿಲ್ಲ. "ನನ್ನ ಬಗ್ಗೆ ಹೇಳೋಕಿರೋದು ಇಷ್ಟೇ ಇರ್ಬೇಕು ಅಂದ್ಕೊಂಡೆ."

ನನಗಂತೂ ಕಪಾಳಕ್ಕೆ ಹೊಡೆದ ಹಾಗಾಯಿತು. ದಿನಾ ಅಂಗಡಿಯಲ್ಲಿ ನಿಂತು ಊರಿನವರ ಕಣ್ಣು ಪರೀಕ್ಷೆ ಮಾಡಿಸುವವಳು ನಾನು. ಇಷ್ಟು ವರ್ಷ ಒಂದೇ ಮೇಜಿನಲ್ಲಿ ಉಂಡವಳು ಹೀಗೆ ಅಂದುಕೊಂಡು ಬದುಕುತ್ತಿದ್ದಾಳೆ ಎಂದು ನನಗೆ ಕಾಣಿಸಿರಲಿಲ್ಲ. ಅತ್ತಿಗೆ ಎದ್ದು ಪಾತ್ರೆ ತೊಳೆಯಲು ಹೋದಳು. ಅಣ್ಣ ಅವಳ ಹಿಂದೆಯೇ ಹೋಗಿ ಒರೆಸುವ ಬಟ್ಟೆ ಹಿಡಿದು ನಿಂತ. ಒಳಗೆ ಏನು ಮಾತಾಯಿತೋ, ನೀರಿನ ಸದ್ದಿನಲ್ಲಿ ನನಗೆ ಕೇಳಿಸಲಿಲ್ಲ.

ಮರುದಿನ ಸಂಜೆ ಕಚೇರಿಯಿಂದ ಬಂದವನೇ ಅಣ್ಣ ಮೇಜಿನ ಮೇಲಿದ್ದುದನ್ನೆಲ್ಲ ಒಂದು ಮೂಲೆಗೆ ಸರಿಸಿ, ಬಿಳಿ ಹಾಳೆ ಇಟ್ಟು, ಪೆನ್ನಿನ ಮುಚ್ಚಳ ತೆಗೆದು ಕೂತ. "ಬೇರೆ ಬರೆಯೋಣ," ಎಂದ. ಎಂಜಿನಿಯರ್ ಸಾಹೇಬರು ನಾಳೆ ಮಧ್ಯಾಹ್ನವೇ ಜಲಾಶಯದ ತಪಾಸಣೆಗೆ ಹೊರಡುವವರಿದ್ದರು, ಅವರು ವಾಪಸು ಬರುವಷ್ಟರಲ್ಲಿ ಅರ್ಜಿಯ ಗಡುವು ಮುಗಿದುಹೋಗಿರುತ್ತಿತ್ತು. ನಾವೆಲ್ಲ ಸುತ್ತ ಕೂತೆವು.

"ಹೇಳಿ," ಎಂದ ಅಣ್ಣ.

ಹೇಳುವುದೇನು? "ತುಂಬ ಒಳ್ಳೆಯವರು," ಎಂದೆ ನಾನು, ನನಗೇ ನಗು ಬಂತು. "ಬುದ್ಧಿವಂತರು," ಎಂದ ಅಣ್ಣ, ಕಿವಿ ಕೆಂಪಾಯಿತು ಅವನಿಗೆ. ಅತ್ತಿಗೆ ಸೀರೆಯ ಅಂಚು ಹಿಡಿದುಕೊಂಡು, "ಬಿಡಿ, ಹಳೇದನ್ನೇ ಕಳಿಸೋಣ," ಎಂದಳು. "ಅಮ್ಮ ಚೆನ್ನಾಗಿ ಜಡೆ ಹಾಕ್ತಾಳೆ," ಎಂದಳು ಗುಬ್ಬಿ. ಅಷ್ಟು ಹೊತ್ತಿಗೆ ಬಂದ ಮಾತುಗಳಲ್ಲಿ ಅದೊಂದೇ ಗಟ್ಟಿಯಾದದ್ದು.

"ಹೊಗಳೋದು ನಮ್ಮ ಕೈಲಾಗೋ ಕೆಲಸ ಅಲ್ಲ," ಎಂದಳು ಅಮ್ಮ. "ಅದನ್ನ ಬಿಟ್ಟಾಕಿ. ಪಾಳಿ ಒಪ್ಪಿಸೋ ಹಾಗೆ ಒಪ್ಪಿಸೋಣ."

"ಹಾಗಂದ್ರೆ?"

"ವಾರ್ಡಲ್ಲಿ ಪಾಳಿ ಬದಲಾಗೋವಾಗ ಹೊರಡೋ ನರ್ಸು ಒಂದೊಂದು ಹಾಸಿಗೆ ಹತ್ರಾನೂ ನಿಂತು ಬರೋ ನರ್ಸಿಗೆ ಒಪ್ಪಿಸ್ಬೇಕು. ಏನಾಗಿತ್ತು, ಏನು ಮಾಡಿದ್ವಿ, ಈಗ ಹೇಗಿದೆ, ಯಾವುದರ ಮೇಲೆ ಕಣ್ಣಿಡ್ಬೇಕು. ಒಳ್ಳೆ ರೋಗಿ, ಕೆಟ್ಟ ರೋಗಿ ಅನ್ನೋ ಮಾತೇ ಇಲ್ಲ. ಬರೋಳು ಎಲ್ಲ ಕೇಳಿ 'ತಗೊಂಡೆ' ಅನ್ಬೇಕು. ಅಲ್ಲೀತನಕ ಹೊರಡೋಳು ಬಾಗಿಲು ದಾಟೋ ಹಾಗಿಲ್ಲ. ತಗೊಂಡೆ ಅಂದ್ಮೇಲೆ ಮನೆಗೆ ಹೋಗಿ ಮಲಗ್ಬೇಕು, ವಾರ್ಡ್ ಏನಾಯ್ತೋ ಅಂತ ಒದ್ದಾಡೋ ಹಾಗಿಲ್ಲ." ಅಮ್ಮ ಅತ್ತಿಗೆಯ ಕಡೆ ತಿರುಗಿದಳು. "ನೀನು ಹೇಳು. ಆ ಆಫೀಸಿಗೆ ಹೋದಾಗ ಅಲ್ಲಿ ಏನಾಗಿತ್ತು?"

ಅತ್ತಿಗೆ ಮೊದಲು ತಡವರಿಸಿದಳು, ಆಮೇಲೆ ಹೇಳುತ್ತ ಹೋದಳು. ಮೊದಲು ದೂರು ಬಂದರೆ ಬರೆದುಕೊಳ್ಳುತ್ತಿದ್ದರು, ರಿಪೇರಿ ಆದರೆ ಹರಿದು ಹಾಕುತ್ತಿದ್ದರು. ಇವಳು ಹರಿಯದೆ ಕೂಡಿಟ್ಟಳು. ಕಂಪ್ಯೂಟರಿಗೆ ಹಾಕಿದಳು. ಯಾವ ಬೀದಿಯ ಪೈಪು ಯಾವಾಗಿನದು, ಅಲ್ಲಿನ ಮಣ್ಣು ಎಂಥದು, ಯಾವ ರಸ್ತೆಯಲ್ಲಿ ಲಾರಿ ಓಡಾಡುತ್ತದೆ ಎಂಬುದನ್ನು ಅದರ ಪಕ್ಕಕ್ಕೆ ಸೇರಿಸಿದಳು. ಹಳೇ ಚಿತ್ರಮಂದಿರದ ಹಿಂದಿನ ಪೈಪು ಬೇಸಿಗೆಯೊಳಗೆ ಒಡೆಯುತ್ತದೆ ಎಂದು ಎಂಜಿನಿಯರ್ ಸಾಹೇಬರಿಗೆ ಹೇಳಿದಳು. ಅವರು ನಕ್ಕರು. ಪೈಪು ಒಡೆಯಿತು. ಅಲ್ಲಿಂದಾಚೆ ತಿಂಗಳಿಗೊಮ್ಮೆ ಅವರೇ ಇವಳ ಮೇಜಿಗೆ ಬಂದು, ಮೊದಲು ಯಾವ ಬೀದಿ ನೋಡಲಿ ಎಂದು ಕೇಳುತ್ತಾರೆ.

"ಇದನ್ನ ಯಾಕೆ ಮನೇಲಿ ಹೇಳ್ಲಿಲ್ಲ ನೀನು?" ಅಣ್ಣ ಬರೆಯುವುದನ್ನು ನಿಲ್ಲಿಸಿ ಕೇಳಿದ.

"ನೀವು ಕೇಳ್ಲಿಲ್ಲ."

ಅವನು ಮತ್ತೆ ಹಾಳೆಯ ಮೇಲೆ ಬಗ್ಗಿದ.

"ಎಲ್ಲ ಸರಿಯಾಗೇ ಆಯ್ತಾ?" ಎಂದಳು ಅಮ್ಮ. "ಒಂದೂ ತಪ್ಪಲಿಲ್ವಾ?"

"ತಪ್ಪಿತು ಅತ್ತೆ. ಶಾಲೆ ಹಿಂದಿನ ಬೀದೀಲಿ ತುಂಬ ದೂರು ಬರ್ತಿತ್ತು. ಅಲ್ಲಿ ಅಗೀರಿ ಅಂದೆ. ಅಗೆದರು. ಪೈಪು ಹೊಸದರ ಹಾಗಿತ್ತು. ಜನ ವಾರವೆಲ್ಲ ಹಲಗೆ ಮೇಲೆ ನಡೆದಾಡಿ ನಮಗೆ ಶಾಪ ಹಾಕಿದರು. ಆಮೇಲೆ ಕೂತು ನೋಡಿದ್ರೆ ಆ ದೂರೆಲ್ಲ ಒಂದೇ ಮನೆಯಿಂದ. ಒಬ್ರು ವಯಸ್ಸಾದವರು, ಒಬ್ರೇ ಇರೋದು. ನೀರು ಬರುತ್ತೆ ಅವರಿಗೆ. ಮಾತಾಡೋಕೆ ಯಾರೂ ಇಲ್ಲ ಅಂತ ದಿನಾ ನಮಗೆ ಫೋನ್ ಮಾಡ್ತಾರೆ."

ಗುಬ್ಬಿ ಕಿಸಕ್ಕನೆ ನಕ್ಕಳು. ಅಣ್ಣ ಪೆನ್ನು ಕೆಳಗಿಟ್ಟ. "ನಮ್ಮಲ್ಲೂ ಒಬ್ರು ಇದಾರೆ. ಬೂದು ಕೋಟಿನವರು. ಪಾಲಿಸಿ ಮುಗಿದು ಎಷ್ಟೋ ಕಾಲವಾಯ್ತು, ವಾರಕ್ಕೊಂದು ಪತ್ರ ಬರೀತಾರೆ. ಆಮೇಲೆ? ನೀನೇನು ಮಾಡಿದೆ?"

"ಒಂದು ಮನೆಯಿಂದ ಎಷ್ಟು ಸಲ ಬಂದ್ರೂ ಒಂದೇ ದೂರು ಅಂತ ಎಣಿಸೋ ಹಾಗೆ ಬದಲಾಯಿಸ್ದೆ. ಯಾಕೆ ತಪ್ಪಿತು ಅಂತ ಬರೆದು ಎಂಜಿನಿಯರ್ ಸಾಹೇಬರಿಗೆ ಕೊಟ್ಟೆ."

"ಆ ವಯಸ್ಸಾದವರು?"

"ಅವರ ಫೋನ್ ಬಂದ್ರೆ ಈಗ್ಲೂ ನಾನೇ ಎತ್ಕೋತೀನಿ."

"ಅದನ್ನ ಬರಿ," ಎಂದಳು ಅಮ್ಮ.

"ತಪ್ಪು ಮಾಡಿದ್ದನ್ನ ಶಿಫಾರಸಲ್ಲಿ ಬರೀತಾರಾ ಅಮ್ಮ?"

"ತಪ್ಪು ಮಾಡಿ ಮುಚ್ಚಿಡೋಳನ್ನ ನಾನು ನನ್ನ ವಾರ್ಡಿನ ಹತ್ರ ಸೇರಿಸ್ತಿರ್ಲಿಲ್ಲ. ತಾನೇ ಬಂದು ಹೇಳೋಳ ಕೈಲಿ ಬೀಗದ ಕೈ ಕೊಟ್ಟು ಹೋಗ್ತಿದ್ದೆ. ಬರಿ."

ಅಣ್ಣ ಬರೆದ. ಘನ ಸಂಸ್ಥೆ, ಕೀರ್ತಿ, ಏನೂ ಇಲ್ಲ. ಅತ್ತಿಗೆ ಹೇಳಿದ್ದು ಹೇಳಿದ ಹಾಗೆ. ಮಧ್ಯೆ ಮಧ್ಯೆ "ಮಣ್ಣಿಗೂ ಇದಕ್ಕೂ ಏನು ಸಂಬಂಧ?" "ಲಾರಿ ಲೆಕ್ಕ ಎಲ್ಲಿ ಸಿಕ್ತು?" ಎಂದು ಕೇಳುತ್ತಿದ್ದ. ಇವರಿಬ್ಬರೂ ಹೀಗೆ ಮಾತಾಡಿದ್ದನ್ನು ನಾನು ಕಂಡೇ ಇರಲಿಲ್ಲ.

"ಕೊನೇದು," ಎಂದ ಅವನು. "ಯಾವುದರ ಮೇಲೆ ಕಣ್ಣಿಡ್ಬೇಕು?"

ಅಮ್ಮ ಅತ್ತಿಗೆಯನ್ನು ನೋಡಿದಳು. "ಕೆಲಸದಲ್ಲಿ ಮುಳುಗಿದ್ರೆ ಊಟ ಮರೀತಾಳೆ. ಕರೆದು ಕೂರಿಸ್ಬೇಕು ಅಂತ ಬರಿ."

"ಅತ್ತೆ," ಎಂದಳು ಅತ್ತಿಗೆ, "ಇದು ಎಂಜಿನಿಯರ್ ಬರೆಯೋ ಪತ್ರ. ನಾನು ಊಟ ಮರೆಯೋದು ಅವರಿಗೇನು ಗೊತ್ತು?"

"ಹಾಗಾದ್ರೆ ಬಿಡು," ಎಂದಳು ಅಮ್ಮ. "ನಂಗೆ ಗೊತ್ತು ಅಂತ ಹೇಳ್ದೆ."

ಅತ್ತಿಗೆ ಏನೋ ಕುದಿಯುತ್ತಿದೆ ಎಂದು ಅಡುಗೆಮನೆಗೆ ಎದ್ದುಹೋದಳು. ಒಲೆಯ ಮೇಲೆ ಏನೂ ಇರಲಿಲ್ಲ.

ಮರುದಿನ ಎಂಜಿನಿಯರ್ ಸಾಹೇಬರು ಜೀಪು ಹತ್ತುವ ಹೊತ್ತಿಗೆ ಅವಳು ಪತ್ರ ಹಿಡಿದು ಹೋದಳಂತೆ. ಅವರು ಓದದೆ ಪೆನ್ನು ತೆಗೆದರೆ, ಇವಳು, "ಓದಿ ಸರ್," ಎಂದಳಂತೆ. ಮನೆಯಲ್ಲಿ ಹೇಳುವಾಗಲೂ ತನ್ನ ಧೈರ್ಯಕ್ಕೆ ತಾನೇ ಬೆರಗಾಗಿದ್ದಳು. ಅವರು ಜೀಪಿನ ಬಾನೆಟ್ಟಿನ ಮೇಲಿಟ್ಟು ಪೂರ್ತಿ ಓದಿದರು. "ಆ ಯಜಮಾನರು ಈಗ್ಲೂ ಫೋನ್ ಮಾಡ್ತಾರಾ? ನೀವು ಹೋದ್ಮೇಲೆ ಅವರ ಹತ್ರ ಮಾತಾಡೋರು ಯಾರು?" ಎಂದರು. ಆಮೇಲೆ ಸಹಿಯ ಮೇಲೆ ತಮ್ಮ ಕೈಯಿಂದಲೇ ಒಂದು ಸಾಲು ಸೇರಿಸಿದರು: "ವರ್ಷ ಮುಗಿದ ಮೇಲೆ ಇವರನ್ನು ದಯವಿಟ್ಟು ವಾಪಸು ಕಳಿಸಿ."

ಅರ್ಜಿ ಹೋಯಿತು. ಮೇಜು ನಮಗೆ ವಾಪಸು ಸಿಕ್ಕಿತು. ಅಣ್ಣ ಯಾರೂ ಹೇಳದೆ ಗುಬ್ಬಿಗೆ ಜಡೆ ಹಾಕುವುದನ್ನು ಕಲಿಯತೊಡಗಿದ. ಮೊದಲ ವಾರವೆಲ್ಲ ಮಗು ಗಾಳಿಗೆ ಸಿಕ್ಕ ಪೊರಕೆಯ ಹಾಗೆ ಶಾಲೆಗೆ ಹೋಗುತ್ತಿತ್ತು. ನಾನು ಅನ್ನ ಮಾಡಿದೆ. ಅಮ್ಮ ಚಾಕು ಕೇಳಿದಳು.

ಮರದ ಎಲೆ ಉದುರುವ ಕಾಲಕ್ಕೆ ಉತ್ತರ ಬಂತು. ಅತ್ತಿಗೆ ಒಂದು ಕೈಯಲ್ಲಿ ಸೂಪು ತಿರುಗಿಸುತ್ತಾ ಇನ್ನೊಂದು ಕೈಯಲ್ಲಿ ಫೋನು ನೋಡಿದವಳು ಹಾಗೇ ನಿಂತುಬಿಟ್ಟಳು. "ಸಿಕ್ತು," ಎಂದಳು, ಮೆಲ್ಲಗೆ, ಏನೋ ಒಡೆದುಬಿಟ್ಟವಳ ಹಾಗೆ. ಗುಬ್ಬಿ ಕುಣಿದಳು. ನಾನು ಅತ್ತಿಗೆಯ ಕೈ ಹಿಡಿದುಕೊಂಡೆ. ಅಣ್ಣ, "ಅಲ್ಲಿ ಚಳಿ ಜಾಸ್ತಿಯಂತೆ, ದಪ್ಪನೆ ಸ್ವೆಟರ್ ಬೇಕಾಗುತ್ತೆ," ಎಂದು ಕಿಟಕಿಯ ಹೊರಗೆ ನೋಡುತ್ತ ಹೇಳಿದ. ಆ ಗಡಿಬಿಡಿಯಲ್ಲಿ ಅತ್ತಿಗೆ ಸೂಪಿಗೆ ಎರಡು ಸಲ ಉಪ್ಪು ಹಾಕಿದ್ದಳು. ಬಾಯಿಗಿಡಲು ಆಗುತ್ತಿರಲಿಲ್ಲ. ಅಮ್ಮ ಬಟ್ಟಲು ಖಾಲಿ ಮಾಡಿ, ಇನ್ನೊಂದು ಸಲ ಹಾಕಿಸಿಕೊಂಡಳು.

ಹೊರಡುವ ದಿನ ಸಂಜೆ ಪೆಟ್ಟಿಗೆ ಬಾಗಿಲ ಬಳಿ ಬಂತು. ಸ್ಟೇಷನ್ನಿಗೆ ಹೋಗಲು ಕಾರು ಹೇಳಿಯಾಗಿತ್ತು. ಅತ್ತಿಗೆ ಅಮ್ಮನ ಮುಂದೆ ಬಂದು ನಿಂತು, "ಒಪ್ಪಿಸ್ಲಾ ಅತ್ತೆ?" ಎಂದಳು. ಯಾರೂ ಹೇಳಿಕೊಟ್ಟಿರಲಿಲ್ಲ.

"ನಂಗಲ್ಲ," ಎಂದಳು ಅಮ್ಮ. "ಅವನಿಗೆ ಒಪ್ಪಿಸು."

ಅಣ್ಣ ಜೇಬಿನಿಂದ ಪೆನ್ನು ತೆಗೆದ. "ಬರ್ಕೋಬೇಡ. ಕೇಳಿಸ್ಕೋ," ಎಂದು ಅಮ್ಮ ಪೆನ್ನು ಕಸಿದುಕೊಂಡಳು.

ಅತ್ತಿಗೆ ಅವನನ್ನು ಮನೆಯೊಳಗೆಲ್ಲ ನಡೆಸಿಕೊಂಡು ಹೋದಳು. ಸಣ್ಣ ಒಲೆ ಒಮ್ಮೆಗೇ ಹತ್ತುವುದಿಲ್ಲ, ಗ್ಯಾಸ್ ಬಿಟ್ಟು ನಿಲ್ಲಬೇಡಿ. ಬಚ್ಚಲಿನ ನಲ್ಲಿ ಬಿಗಿಯಾಗಿ ತಿರುಗಿಸಿದರೆ ಇನ್ನಷ್ಟು ಸೋರುತ್ತದೆ. ಗುಬ್ಬಿ ಹಲ್ಲುಜ್ಜಿದೆ ಅಂದರೆ ಬ್ರಶ್ಶು ಮುಟ್ಟಿ ನೋಡಿ, ಒದ್ದೆಯಿದ್ದರೆ ನಂಬಿ. ಅವಳ ಕೆಮ್ಮಿನ ಔಷಧಿ ಈ ಗೂಡಲ್ಲಿ. ಚಳಿ ಶುರುವಾದರೆ ಅತ್ತೆಯ ಮೊಣಕಾಲಿಗೆ ಬಿಸಿನೀರಿನ ಚೀಲ. "ಅವರು ಕೇಳಲ್ಲ. ನೀವೇ ಕೊಡ್ಬೇಕು." ನನ್ನ ಮುಂದೆ ನಿಂತು, "ಕನ್ನಡಕಕ್ಕೆ ಕೋಪ ಬಂದ್ರೆ ಪಾತ್ರೆ ಕುಟ್ಟಿ ಕುಟ್ಟಿ ತೊಳೀತಾಳೆ. ಆವಾಗ ಮಾತಾಡಿಸ್ಬೇಡಿ, ಆಮೇಲೆ ಒಂದು ಚಹಾ ಮಾಡ್ಕೊಡಿ," ಎಂದಳು. ನನಗೆ ಅಳು ಬಂತು. ನಾಚಿಕೆಯಿಲ್ಲದೆ ಅತ್ತುಬಿಟ್ಟೆ.

ಹೊರಗೆ ಕಾರು ಹಾರ್ನ್ ಮಾಡಿತು. ಅತ್ತಿಗೆ ಬಾಗಿಲ ಬಳಿ ಬಂದು ಪೆಟ್ಟಿಗೆಯ ಹಿಡಿ ಹಿಡಿದಳು. "ಇಷ್ಟೇ," ಎಂದಳು.

ಅಣ್ಣ ಗೋಡೆಯ ಮೊಳೆಗೆ ತೂಗುಹಾಕಿದ್ದ ಅವಳ ಬೀಗದ ಕೈಗೊಂಚಲನ್ನು ನೋಡುತ್ತಾ ನಿಂತಿದ್ದ. ಇನ್ನೊಮ್ಮೆ ಹಾರ್ನ್ ಆಯಿತು. ಅಮ್ಮ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದಳು. ಅತ್ತಿಗೆ ಹೊಸಿಲಿನ ಈಚೆಯೇ ನಿಂತಿದ್ದಳು.

"ಗುಬ್ಬಿಯ ಕೆಮ್ಮಿನ ಔಷಧಿ," ಎಂದ ಅಣ್ಣ. "ಊಟಕ್ಕೆ ಮುಂಚೆನಾ, ಆದ್ಮೇಲಾ?"

"ಆದ್ಮೇಲೆ. ಒಂದು ಚಮಚ."

"ತಗೊಂಡೆ," ಎಂದ ಅವನು.

ಅತ್ತಿಗೆ ಹೊಸಿಲು ದಾಟಿದಳು.